ಎರಡು ಸಲ ಮಂಡಿ ತಟ್ಟಿದರೆ

ಮಾರ್ಚ್ 3

ಏ ಸೋಡಾಬುಡ್ಡಿ,

ಮೊದಲು ಕೂತ್ಕೋ. ನಿಂತ್ಕೊಂಡು ಓದಿದ್ರೆ ಕುಣಿದುಬಿಡ್ತೀಯ, ಕೆಳಗಿನ ಮನೆಯವರು ಕೋಲು ತಗೊಂಡು ಛಾವಣಿ ಕುಟ್ಟೋಕೆ ಶುರು ಮಾಡ್ತಾರೆ. ಕೂತ್ಯಾ? ಸರಿ, ಈಗ ಕೇಳು.

ನಾನು ಸೇರಿರೋ ಈ ಬಸ್ ಡಿಪೋದಲ್ಲಿ ಬೇಸ್‌ಬಾಲ್ ತಂಡ ಇದೆ ಕಣೇ! ಹೆಸರಿಗೊಂದು ತಂಡ ಅಲ್ಲ, ಕೆಟ್ಟ ಬಸ್ಸುಗಳು ನಿಲ್ಲೋ ಜಾಗದ ಹಿಂದೆ ಸ್ವಂತ ಮೈದಾನ, ಸುಣ್ಣದ ಗೆರೆ, ಎಲ್ಲ ಇದೆ. ಮ್ಯಾನೇಜರ್ ಅಂತೂ ಆಟದ ಹುಚ್ಚ. ಕೆಲಸಕ್ಕೆ ಸೇರಿದ ದಿನ ಬ್ರೇಕ್ ರಿಪೇರಿ ಬರುತ್ತಾ ಅಂತ ಕೇಳ್ಲಿಲ್ಲ, "ಎಸೀತೀಯಾ, ಹಿಡೀತೀಯಾ, ಹೊಡೀತೀಯಾ?" ಅಂತ ಕೇಳಿದ್ರು. "ಹಿಡೀತೀನಿ ಸಾರ್, ನಾನು ಕ್ಯಾಚರ್" ಅಂದೆ. "ಭೇಷ್" ಅಂದ್ರು. ಕ್ಯಾಚರ್ ಗ್ಲೌಸ್‌ಗೆ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿ ಇಟ್ಟಿದೀನಿ. ರೂಮಿಗೆ ಹೋದ ತಕ್ಷಣ ಮೊದಲು ಕಾಣೋದು ಅದೇ.

ಈಗ ನಿಜವಾದ ಸುದ್ದಿ. ನಿನ್ನ ವಿಷಯ ಎತ್ತಿದೆ. ನನ್ನ ತಂಗಿ ಕನ್ನಡಕದ ಕಾರ್ಖಾನೇಲಿ ಗಾಜು ತಿಕ್ಕೋಳು, ಆದ್ರೆ ಅವಳ ಕೈಗೆ ಚೆಂಡು ಕೊಟ್ಟು ನೋಡಿ ಸಾರ್ ಅಂದೆ. ಅವರು ಕುರ್ಚೀಲಿ ಮುಂದಕ್ಕೆ ಬಗ್ಗಿಬಿಟ್ರು! ಜುಲೈನಲ್ಲಿ ಡಿಪೋ ಸ್ಟೋರ್ಸ್‌ನಲ್ಲಿ ಒಂದು ಜಾಗ ಖಾಲಿ ಆಗುತ್ತಂತೆ. "ಕರಕೊಂಡು ಬಾ, ಮುಂದಿನ ವರ್ಷ ನಮಗೆ ಎಸೀಲಿ" ಅಂದ್ರು. ಅಮ್ಮನೂ ಬರಲಿ. ಮತ್ತೆ ನೀನು ಎಸಿ, ನಾನು ಹಿಡೀತೀನಿ. ಸಣ್ಣೋರಿದ್ದಾಗಿನಿಂದ ಇದ್ದ ಹಾಗೆ.

ಕಾರ್ಖಾನೆ ಬಿಟ್ಟು ನಾನು ಇಲ್ಲಿಗೆ ಬಂದೆ, ನಾನಿಲ್ಲದೆ ಈ ವರ್ಷದ ಕಾರ್ಮಿಕರ ಕಪ್ ಹೇಗೆ ಆಡ್ತೀರೋ ಅಂತ ಯೋಚನೆ. ಹೊಸ ಕ್ಯಾಚರ್ ಯಾರು? ನಮ್ಮ ಸನ್ನೆ ಹೇಳಿಕೊಡು. ಮಂಡಿ ಒಂದು ಸಲ ತಟ್ಟಿದ್ರೆ ಜೋರಿನ ಚೆಂಡು, ಎರಡು ಸಲ ತಟ್ಟಿದ್ರೆ ನಿಧಾನದ್ದು. ಬೇರೆಯವರ ಹಾಗೆ ಬೆರಳು ತೋರಿಸೋದು ಬೇಡ. ನಿನಗೆ ಕನ್ನಡಕ ಬರೋಕೆ ಮುಂಚೆ ನನ್ನ ಬೆರಳು ಕಾಣದೆ ಎಲ್ಲೆಲ್ಲೋ ಎಸೆದು ಪಕ್ಕದ ಮನೆ ಹೂಕುಂಡ ಒಡೆದಿದ್ದು ನೆನಪಿದೆ ತಾನೇ?

ಬೇಗ ಬರಿ.

ನಿನ್ನ ಅಣ್ಣ


ಮಾರ್ಚ್ 15

ಅಣ್ಣಾ,

ಹೂಕುಂಡ ಒಡೆದಿದ್ದು ನೀನು. ನೀನು ಹಿಡೀಲಿಲ್ಲ, ಅದಕ್ಕೇ ಒಡೀತು. ಅಮ್ಮನೂ ಅದನ್ನೇ ಹೇಳ್ತಿದಾಳೆ, ಬೇಕಾದ್ರೆ ಅವಳ ಕೈಲೇ ಬರೆಸ್ತೀನಿ.

ಹೊಸ ಕ್ಯಾಚರ್ ಯಾರು ಅಂತ ಕೇಳಿದೆಯಲ್ಲ, ಕೇಳಿದ್ರೆ ನಗ್ತೀಯ. ಪ್ಯಾಕಿಂಗಿನಕ್ಕ! ಹೌದು, ಕನ್ನಡಕನ ಡಬ್ಬಿಗೆ ಹಾಕಿ ದಾರ ಕಟ್ಟೋ ಅದೇ ಅಕ್ಕ. ಎರಡು ಮಕ್ಕಳ ತಾಯಿ, ಜೀವಮಾನದಲ್ಲಿ ಚೆಂಡು ಮುಟ್ಟಿದೋಳಲ್ಲ. ನಮ್ಮ ಮೇಸ್ತ್ರಿ ಅವಳ ಅಗಲ ನೋಡಿ "ಇವಳನ್ನ ದಾಟಿ ಯಾವ ಚೆಂಡೂ ಹೋಗಲ್ಲ" ಅಂತ ತೀರ್ಮಾನ ಮಾಡಿಬಿಟ್ರು. ಬ್ಯಾಟರ್ ಹಿಂದೆ ಮುಖವಾಡ ಹಾಕ್ಕೊಂಡು ಕೂತ ಮೊದಲ ದಿನ ನನ್ನ ಚೆಂಡು ನೇರ ಹೊಟ್ಟೆಗೆ ಹೋಗಿ ಬಡೀತು. ನಾನು ಅಳೋ ಹಾಗಾಗಿ ಅವಳ ಹತ್ತಿರ ಓಡಿದೆ. ಅವಳು ಚೆಂಡು ಎತ್ತಿ ನನ್ನ ಕೈಗೆ ಕೊಟ್ಟು, "ಇನ್ನೊಂದು ಎಸಿ" ಅಂದ್ಲು! ಯಾಕಕ್ಕ ಇದಕ್ಕೆ ಒಪ್ಕೊಂಡೆ ಅಂದ್ರೆ, "ಮನೇಲಿ ಎಲ್ಲರೂ ನನ್ನ ಮೇಲೆ ಕೆಲಸ ಎಸೀತಾರೆ. ಇಲ್ಲಿ ಎಸೆದಿದ್ದನ್ನ ವಾಪಸ್ ಎಸೆಯೋಕೆ ಬಿಡ್ತೀರಲ್ಲ, ಅದೇ ಸಾಕು" ಅಂತಾಳೆ.

ಒಂದೇ ಕಷ್ಟ. ಸನ್ನೆ ಮಾಡಲ್ಲ! ನಮ್ಮ ಮಂಡಿ ಸನ್ನೆ ಹೇಳಿಕೊಟ್ಟೆ, ಹೂಂ ಅಂತ ತಲೆ ಆಡಿಸಿದ್ಲು, ಆಮೇಲೆ ಸುಮ್ಮನೆ ಕೂತ್ಲು. ನಾನು ಕಾಯ್ತಾ ನಿಂತೆ. ಅವಳೂ ಕಾಯ್ತಾ ಕೂತ್ಲು. ಬ್ಯಾಟ್ ಹಿಡಿದಿದ್ದ ಪಾಲಿಶ್ ಸೆಕ್ಷನ್ ಹುಡುಗಿ ಆಕಳಿಸಿದ್ಲು. ಕೊನೆಗೆ ಹತ್ತಿರ ಹೋಗಿ ಕೇಳಿದ್ರೆ, "ಎಸೆಯೋಳು ನೀನು. ಯಾವುದು ಎಸೀಬೇಕು ಅಂತ ನನ್ನನ್ನೇನು ಕೇಳ್ತೀಯ?" ಅಂತಾಳೆ ಕಣಣ್ಣಾ! ನಾನು ಯಾವತ್ತಾದ್ರೂ ಯೋಚಿಸಿ ಎಸೆದಿದೀನಾ? ನೀನು ತಟ್ಟೋದು, ನಾನು ಎಸೆಯೋದು, ಅಷ್ಟೇ ಗೊತ್ತು.

ಅಮ್ಮ ಚೆನ್ನಾಗಿದಾಳೆ. ನೀನು ಬಿಟ್ಟು ಹೋದ ಕೆಂಪು ಟೋಪಿ ಹಾಕ್ಕೊಂಡು ಬಟ್ಟೆ ಒಣಹಾಕ್ತಾಳೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಂಗಿ


ಮಾರ್ಚ್ 22

ಸೋಡಾಬುಡ್ಡಿ,

ಪ್ಯಾಕಿಂಗಿನಕ್ಕ! ಇಡೀ ವರ್ಕ್‌ಶಾಪ್ ತಿರುಗಿ ನೋಡೋ ಹಾಗೆ ನಕ್ಕೆ. ಬಸ್ಸಿನ ಕೆಳಗೆ ಮಲಗಿ ಓದ್ತಿದ್ದೆ, ನಕ್ಕು ಹಣೆ ಬಡಿಸ್ಕೊಂಡೆ.

ಆದ್ರೆ ನಗೋ ವಿಷಯ ಅಲ್ಲ. ಸನ್ನೆ ಮಾಡದ ಕ್ಯಾಚರ್ ಇದ್ರೂ ಒಂದೇ, ಗೋಡೆ ಇದ್ರೂ ಒಂದೇ. ಹೀಗೆ ಮಾಡು. ಬ್ಯಾಟರ್ ಪದೇ ಪದೇ ಕಾಲು ಬದಲಾಯಿಸ್ತಿದ್ರೆ ಅವನಿಗೆ ಆತುರ, ನಿಧಾನದ್ದು ಕೊಡು. ಅಲ್ಲಾಡದೆ ನಿಂತಿದ್ರೆ ಜೋರಿನದ್ದು. ಗೊತ್ತಾಗದೇ ಇದ್ರೆ ನಾನಿದ್ದಿದ್ರೆ ಏನು ತಟ್ಟುತ್ತಿದ್ದೆ ಅಂತ ನೆನೆಸ್ಕೊಂಡು ಎಸಿ. ಇನ್ನೊಂದು ಮಾತು, ಆಯಮ್ಮನಿಗೆ ಸರಿಯಾಗಿ ಹೇಳು. ಬೀಸಿ ತಪ್ಪಿದ್ರೆ ಒಂದು ಸ್ಟ್ರೈಕ್, ಮೂರನೇ ಸ್ಟ್ರೈಕ್ ಆದ್ರೆ ಬ್ಯಾಟರ್ ಔಟ್, ಆದ್ರೆ ಆ ಚೆಂಡು ಕ್ಯಾಚರ್ ಕೈಲಿ ನಿಲ್ಲಬೇಕು. ಕೈಬಿಟ್ಟು ನೆಲಕ್ಕೆ ಬಿತ್ತೋ, ಬ್ಯಾಟರ್ ಮೊದಲನೇ ಬೇಸಿಗೆ ಓಡಿಬಿಡಬಹುದು, ಅಷ್ಟರೊಳಗೆ ಚೆಂಡು ಎತ್ತಿ ಅವನಿಗೆ ಮುಟ್ಟಿಸಿ ಔಟ್ ಮಾಡಬೇಕು. ಎಷ್ಟೋ ಗೆದ್ದ ಆಟ ಹಾಗೇ ಮಣ್ಣುಪಾಲಾಗಿವೆ. ಬಿದ್ದ ಚೆಂಡು ಹುಡುಕೋದು ಕ್ಯಾಚರ್‌ನ ಅರ್ಧ ಕೆಲಸ.

ಸ್ಟೋರ್ಸ್ ವಿಷಯ ನೀನು ಬರೀಲೇ ಇಲ್ಲ. ಖುಷಿಗೆ ಮಾತೇ ಹೊರಡಲಿಲ್ಲ ಅಂತ ಕಾಣುತ್ತೆ! ನಾನೇ ಮ್ಯಾನೇಜರ್‌ಗೆ "ಬರ್ತಾಳೆ ಸಾರ್" ಅಂತ ಹೇಳಿಬಿಟ್ಟೆ.

ಅಣ್ಣ


ಏಪ್ರಿಲ್ 18

ಅಣ್ಣಾ,

ಗೆದ್ವಿ! ಗೆದ್ವಿ! ಗೆದ್ವಿ! ಅಮ್ಮನೂ ಒಂದು ಸಲ ಬರಿ ಅಂತಿದಾಳೆ: ಗೆದ್ವಿ!

ಸೋಪ್ ಫ್ಯಾಕ್ಟರಿಯವರನ್ನ ಮಟ್ಟ ಹಾಕಿದ್ವಿ ಕಣಣ್ಣಾ, ಹೋದ ವರ್ಷ ನಾನೂ ನೀನೂ ಸೇರಿ ಸೋತಿದ್ವಲ್ಲ, ಅದೇ ತಂಡ! ಅವರ ಉದ್ದ ಹುಡುಗ, ಬ್ಯಾಟನ್ನ ಬೀಸಣಿಗೆ ಥರ ತಿರುಗಿಸ್ತಾನಲ್ಲ, ಅವನು ಮೂರು ಸಲವೂ ಗಾಳಿಗೇ ಹೊಡೆದ. ಮೂರನೇ ಸಲ ಬ್ಯಾಟ್ ನೆಲಕ್ಕೆ ಬಡಿದು, "ಆ ಚೆಂಡು ಎಲ್ಲಿ ಹೋಯ್ತು?" ಅಂತ ಅಂಪೈರ್‌ನೇ ಕೇಳಿದ. ಅವರಿಗೂ ಗೊತ್ತಿರಲಿಲ್ಲ.

ಅದೇನು ಚೆಂಡು ಅಂತ ನೀನು ಕೇಳ್ತೀಯ. ಏನೋ ಒಂದು ಕಣಣ್ಣಾ. ಗಾಜು ತಿಕ್ಕೋವಾಗ ಬೆರಳಿಗೆ ಒಂದು ಅಭ್ಯಾಸ ಆಗಿರುತ್ತಲ್ಲ, ಅದನ್ನೇ ಸ್ವಲ್ಪ ಹಾಗೆ ಹೀಗೆ ಮಾಡಿದೆ. ಪ್ಯಾಕಿಂಗಿನಕ್ಕ ಊಟದ ಬಿಡುವಲ್ಲಿ ಖಾಲಿ ಡಬ್ಬಿ ಜೋಡಿಸಿ, ಅದರ ಹಿಂದೆ ಕೂತು ಎಸೆಸಿಕೊಳ್ತಾಳೆ. ಮೊದಲ ದಿನ ಡಬ್ಬಿ ಎಲ್ಲ ಉರುಳಿಸಿಬಿಟ್ಟೆ, ಮೇಸ್ತ್ರಿ ಕೈಲಿ ಇಬ್ಬರೂ ಬೈಸ್ಕೊಂಡ್ವಿ. ಆಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ಅಮ್ಮನಿಗೆ ಆಟ ಅರ್ಥ ಮಾಡಿಸಿ ಸಾಕಾಯ್ತು. ಓಡಿ ಓಡಿ ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಯಾಕೆ ಓಡಬೇಕು, ಅಲ್ಲೇ ನಿಂತಿದ್ರೆ ಆಗಲ್ವಾ ಅಂತ ಕೇಳ್ತಾಳೆ. ಹೋಗಿ ಬಂದ್ರೆ ತಾನೇ ಲೆಕ್ಕ ಅಮ್ಮ ಅಂದೆ. ಅದಕ್ಕೆ ಅವಳು, "ನಿಮ್ಮಣ್ಣನಿಗೆ ಅದನ್ನ ಬರಿ" ಅಂದ್ಲು.

ಬೆವರಿಗೆ ನನ್ನ ಕನ್ನಡಕ ಜಾರುತ್ತೆ, ಪ್ರತಿ ಸಲ ಎಸೆಯೋಕೆ ಮುಂಚೆ ಸರಿ ಮಾಡ್ಕೋಬೇಕು. ಅದೊಂದು ಬಿಟ್ರೆ ಎಲ್ಲ ಚೆನ್ನ.

ಸ್ಟೋರ್ಸ್ ವಿಷಯ ಕಪ್ ಮುಗಿದ ಮೇಲೆ ಮಾತಾಡೋಣ.

ತಂಗಿ


ಏಪ್ರಿಲ್ 26

ಸೋಡಾಬುಡ್ಡಿ,

ನಿನ್ನ ಕಾಗದ ವರ್ಕ್‌ಶಾಪಲ್ಲಿ ಗಟ್ಟಿಯಾಗಿ ಓದಿದೆ. ಆ ಉದ್ದ ಹುಡುಗನ ಕಥೆ ಬಂದಾಗ ಕಂಡಕ್ಟರ್‌ಗಳು ಶಿಳ್ಳೆ ಹೊಡೆದ್ರು. ನಮ್ಮ ಹುಡುಗಿ ಅಂತ ಈಗಲೇ ಅನ್ನೋಕೆ ಶುರು ಮಾಡಿದಾರೆ.

ಇದರ ಜೊತೆ ಒಂದು ರಬ್ಬರ್ ಪಟ್ಟಿ ಕಳಿಸಿದೀನಿ ನೋಡು. ಫ್ಯಾನ್ ಬೆಲ್ಟಿನ ತುಂಡು ಸೀಳಿ, ಉಜ್ಜಿ, ಎರಡು ಕಡೆ ಕೊಕ್ಕೆ ಹಾಕಿ ನಾನೇ ಮಾಡಿದ್ದು. ಕನ್ನಡಕಕ್ಕೆ ಸಿಕ್ಕಿಸಿ ತಲೆ ಹಿಂದೆ ಬಿಗಿದ್ರೆ, ತಲೆಕೆಳಗಾಗಿ ನಿಂತ್ರೂ ಜಾರಲ್ಲ. ಇನ್ನು ಮೇಲೆ ಮುಟ್ಟೋ ತಾಪತ್ರಯವೇ ಇಲ್ಲ.

ನಾವೂ ಗೆದ್ವಿ! ಹಾಲಿನ ಡೇರಿಯವರ ಮೇಲೆ. ನಾನು ಹೇಗೆ ಆಡಿದೆ ಅಂತ ಕೇಳಬೇಡ, ಒಂದೂ ಚೆಂಡು ಬಿಡಲಿಲ್ಲ. ಇನ್ನೊಂದು ಆಟ ಗೆದ್ರೆ ಫೈನಲ್.

ದೊಡ್ಡ ರೂಮು ಹಿಡಿದೆ. ಇನ್ನೊಂದು ಮಂಚ ಬಂದಿದೆ, ನಿನಗೂ ಅಮ್ಮನಿಗೂ ಸಾಕಾಗೋ ಅಗಲ. ಕಿಟಕಿ ಪಕ್ಕ ಹಾಕಿದೀನಿ. ನಾನು ಈ ಕಡೆ ಗೋಡೆಗೆ ಹಾಸ್ಕೊಳ್ತೀನಿ, ನಡುವೆ ಪರದೆ. ನೀಲಿ ಬೇಕಾ ಹಸಿರು ಬೇಕಾ ಹೇಳು. ಒಬ್ಬನೇ ಊಟ ಮಾಡಿ ಮಾಡಿ ಬೇಜಾರಾಗಿದೆ ಕಣೇ.

ಅಣ್ಣ


ಮೇ 10

ಅಣ್ಣಾ!

ಅಯ್ಯಯ್ಯೋ, ಫೈನಲ್‌ಗೆ ನಮ್ಮ ಎದುರು ಬಂದಿರೋ ತಂಡ ಯಾವುದು ಅಂತ ಮೇಸ್ತ್ರಿ ಬೋರ್ಡಲ್ಲಿ ಬರೆದ್ರು, ನನಗೆ ತಲೆ ತಿರುಗಿತು. ನೀವು! ನಿಮ್ಮ ಡಿಪೋ! ಮೇ ಇಪ್ಪತ್ತೈದಕ್ಕೆ ನಮ್ಮ ಕಾರ್ಖಾನೆ ಹಿಂದಿನ ಸ್ಕೂಲ್ ಮೈದಾನದಲ್ಲಿ ನೀನು ನನ್ನ ಎದುರಿಗೆ ಬ್ಯಾಟ್ ಹಿಡಿದು ನಿಲ್ತೀಯ!

ಇಲ್ಲಿ ಗಲಾಟೆಯೋ ಗಲಾಟೆ. "ನಿಮ್ಮಣ್ಣನಿಗೆ ನಿನ್ನ ಒಳಹೊರಗೆಲ್ಲ ಗೊತ್ತು, ಮುಗೀತು ನಮ್ಮ ಕಥೆ" ಅಂತ ಪಾಲಿಶ್ ಹುಡುಗಿಯರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ. ಮೇಸ್ತ್ರಿ ನನ್ನನ್ನ ಪಕ್ಕಕ್ಕೆ ಕರೆದು, ಇನ್ನು ಮೇಲೆ ಅಣ್ಣನಿಗೆ ಬರೆಯೋ ಕಾಗದ ನನಗೆ ತೋರಿಸಿ ಹಾಕು ಅಂದ್ರು. ನಾನು ತೋರಿಸಲ್ಲ ಅಂದೆ. ಪ್ಯಾಕಿಂಗಿನಕ್ಕ ಮಾತ್ರ ದಾರ ಕಟ್ತಾ ಕಟ್ತಾನೇ ಕೇಳಿದ್ಲು: "ಅವನಿಗೆ ನಿನ್ನ ಬಗ್ಗೆ ಹೋದ ವರ್ಷದ ತನಕ ಗೊತ್ತು. ಈ ವರ್ಷದ್ದು ಗೊತ್ತಾ?"

ಅಮ್ಮ ಎರಡು ಕೈಗೂ ಎರಡು ಬಣ್ಣದ ಬಟ್ಟೆ ಕಟ್ಕೊಂಡು ಬರ್ತಾಳಂತೆ. ಯಾರು ಗೆದ್ರೂ ಚಪ್ಪಾಳೆ ಒಂದೇ ಥರ ಬರುತ್ತೆ ಅಂತಾಳೆ.

ಪಟ್ಟಿ ತುಂಬಾ ಬಿಗಿಯಾಗಿ ಕೂರುತ್ತೆ. ಹಾಕ್ಕೊಂಡೇ ಆಡ್ತೀನಿ.

ಅಣ್ಣಾ, ನಿನಗೆ ಒಂದು ವಿಷಯ ಹೇಳಬೇಕು. ಎಷ್ಟು ಸಲ ಬರೆಯೋಕೆ ಕೂತ್ರೂ ಕೈ ಓಡ್ತಿಲ್ಲ. ಆಟಕ್ಕೆ ಮುಂಚೆ ಐದು ನಿಮಿಷ ನನ್ನ ಹತ್ತಿರ ಬಾ, ಎದುರಿಗೇ ಹೇಳ್ತೀನಿ.

ತಂಗಿ


ಮೇ 16

ಎದುರಾಳಿ ತಂಡದ ಸೋಡಾಬುಡ್ಡಿಗೆ,

ಯುದ್ಧ! ಇನ್ನು ನಮ್ಮ ನಡುವೆ ಮಾತಿಲ್ಲ. ಬ್ಯಾಟ್ ತಿಕ್ಕಿ ತಿಕ್ಕಿ ಮುಖ ಕಾಣೋ ಹಾಗೆ ಮಾಡಿದೀನಿ. ಅಳೋಕೆ ಕರ್ಚೀಫ್ ತಗೊಂಡು ಬಾ.

ನಿನ್ನ "ಒಂದು ವಿಷಯ" ಏನು ಅಂತ ನನಗೆ ಗೊತ್ತು. ಹಸಿರು ಪರದೆ ತಾನೇ? ತಂದಾಯ್ತು. ಕಟ್ಟಿದ್ದೂ ಆಯ್ತು.

ಅಣ್ಣ


ಮೇ 27

ಅಣ್ಣಾ,

ನಿಮ್ಮ ಬಸ್ಸು ಹೋಗಿ ಎರಡು ದಿನ ಆಯ್ತು. ಒಂದು ಮಾತಾಡೋಕೂ ಬಿಡದೆ ನಿನ್ನನ್ನ ಎಳ್ಕೊಂಡು ಹೋದ್ರಲ್ಲ! ಅದಕ್ಕೇ ಎಲ್ಲ ಇಲ್ಲೇ ಬರೀತೀನಿ, ಪೂರ್ತಿ ಓದು. ಬಸ್ಸಿನ ಕೆಳಗೆ ಮಲಗಿ ಓದಬೇಡ.

ಬೆಳಿಗ್ಗೆ ನಿನಗೋಸ್ಕರ ಗೇಟಲ್ಲೇ ಕಾದೆ. ನೀನು ದೂರದಿಂದ ಕೈ ಬೀಸಿ ಆ ಕಡೆ ಹೋಗಿಬಿಟ್ಟೆ. ಸರಿ, ಎದುರಾಳಿ ಅಂತ ಆಟ ಆಡ್ತಿದಾನೆ ಅಂದ್ಕೊಂಡೆ. ನಿಮ್ಮ ಕ್ಯಾಚರ್ ಮುಖವಾಡ ಹಾಕ್ಕೊಂಡು ಬಂದು ಕೂತಾಗ ಅಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದ್ಲು. ನಾನೂ ಹೊಡೆದೆ. ಆಮೇಲೆ ಆ ಮನುಷ್ಯ ಮುಖವಾಡ ತೆಗೆದ. ಇಷ್ಟು ದಪ್ಪ ಮೀಸೆ! ನಿಮ್ಮ ಬಸ್ಸು ಓಡಿಸ್ಕೊಂಡು ಬಂದ ಡ್ರೈವರ್!

ನೀನೆಲ್ಲಿ ಅಂತ ಹುಡುಕಿದ್ರೆ, ಮೈದಾನದ ಆ ತುದೀಲಿ, ಸ್ಕೂಲಿನ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಲ್ಲಿಗೆ ಚೆಂಡೇ ಬರಲ್ಲ. ನೀನು ಕಾಲಲ್ಲಿ ಹುಲ್ಲು ಕೆದರ್ತಾ ಇದ್ದೆ. ನನಗೆ ಸಿಟ್ಟೂ ಬಂತು, ಪಾಪ ಅಂತಾನೂ ಅನ್ನಿಸ್ತು ಅಣ್ಣಾ. ಒಂದೂ ಚೆಂಡು ಬಿಡಲಿಲ್ಲ ಅಂತ ಬರೆದಿದ್ದೆಯಲ್ಲ, ಬಂದಿದ್ರೆ ತಾನೇ ಬಿಡೋದು! ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?

ಆಟದ ವಿಷಯ ನಿನಗೇನು ಹೇಳೋದು, ನೀನೂ ಇದ್ದೆ. ಆದ್ರೆ ಆ ಕೊನೇ ಚೆಂಡು ನಾನು ನಿಂತ ಜಾಗದಿಂದ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ಕೊನೇ ಇನ್ನಿಂಗ್ಸ್, ನಾವು ಒಂದೇ ಒಂದು ರನ್ ಮುಂದೆ. ನಿಮ್ಮಲ್ಲಿ ಇಬ್ಬರು ಔಟ್, ಮೂರನೆಯವನೂ ಔಟಾದ್ರೆ ಆಟ ಮುಗೀತು, ಒಬ್ಬ ಮೂರನೇ ಬೇಸಲ್ಲಿ ಕಾಲು ಕೆರೀತಿದಾನೆ. ಬ್ಯಾಟ್ ಹಿಡಿದು ಬಂದೋನು ನೀನು. ಎರಡು ಸ್ಟ್ರೈಕ್ ಆಗಿಹೋಗಿತ್ತು, ಇನ್ನೊಂದು ಆದ್ರೆ ಕಪ್ ನಮ್ಮದು. ನೀನು ಹೊಡೆದೆಯೋ, ಆಟ ಸಮ ಆಗಿಬಿಡುತ್ತೆ, ದೂರ ಹೊಡೆದೆಯೋ, ಕಪ್ ನಿಮ್ಮದು. ಎಲ್ಲರೂ ಕಿರಿಚಿದ್ದೇ ಕಿರಿಚಿದ್ದು, ನನಗೆ ನನ್ನ ಉಸಿರು ಬಿಟ್ಟು ಏನೂ ಕೇಳಿಸ್ತಿರಲಿಲ್ಲ.

ಆಗ ನೀನು ಬ್ಯಾಟಿಂದ ಒಂದು ಕೈ ಬಿಟ್ಟು ಮಂಡಿ ತಟ್ಟಿದೆ. ಎರಡು ಸಲ.

ನನ್ನ ಬೆರಳು ತಾವಾಗೇ ಜರುಗಿದ್ವು ಅಣ್ಣಾ! ನಿಧಾನದ ಚೆಂಡಿನ ಹಿಡಿತಕ್ಕೆ ಬಂದೇ ಬಿಟ್ಟಿದ್ವು. ನೀನು ತಟ್ಟಿದ ಮೇಲೆ ಮುಗೀತಲ್ಲ, ಯೋಚಿಸೋದೇನಿದೆ? ಆಗ ಇದ್ದಕ್ಕಿದ್ದ ಹಾಗೆ ಆ ಮಂಚ ನೆನಪಾಯ್ತು. ಹಸಿರು ಪರದೆ, ಸ್ಟೋರ್ಸ್, "ಬರ್ತಾಳೆ ಸಾರ್" ಅಂದಿದ್ದು. ಎಲ್ಲಕ್ಕೂ ನೀನು ತಟ್ಟಿದೀಯ, ನಾನು ಬೇಡ ಅಂತ ಒಂದು ಸಲವೂ ಅಂದಿಲ್ಲ. ನನಗೆ ಭಯ ಆಯ್ತು, ನಿನ್ನ ಮುಖ ನೋಡಿ ಅಳು ಬಂತು, ಆದ್ರೂ ಬೇಡ ಅಂತ ತಲೆ ಅಲ್ಲಾಡಿಸಿದೆ. ಆಮೇಲೆ ಇನ್ನೊಂದು ಸಲ, ಜೋರಾಗಿ.

ಅಂಪೈರ್ ಆಟ ನಿಲ್ಲಿಸಿ ಕೈ ಎತ್ತಿದ್ರು. "ಯಾರಿಗಮ್ಮ ಬೇಡ ಅಂತಿದೀಯ? ನಿನ್ನ ಕ್ಯಾಚರ್ ಸುಮ್ಮನೆ ಕೂತಿದಾಳಲ್ಲ?"

"ನಮ್ಮಣ್ಣನಿಗೆ ಸಾರ್" ಅಂದೆ.

ನಮ್ಮವರು, ನಿಮ್ಮವರು ಎಲ್ಲ ಬಿದ್ದು ಬಿದ್ದು ನಕ್ಕರು. ನೀನು ನಗಲಿಲ್ಲ. ನಿನ್ನ ಬಾಯಿ ತೆರೆದಿತ್ತು.

ಎಸೆದೆ. ಆ ಉದ್ದ ಹುಡುಗನಿಗೆ ಎಸೆದ ಅದೇ ಚೆಂಡು. ನೀನು ಬೀಸಿದೆ. ಚೆಂಡು ನಿನ್ನ ಬ್ಯಾಟಿನ ಕೆಳಗೆ ಮುಳುಗಿ ಮಣ್ಣಿಗೆ ಬಿತ್ತು, ಅಕ್ಕನ ಭುಜಕ್ಕೆ ಬಡಿದು ಎಲ್ಲೋ ಸಿಡೀತು. ಧೂಳು! ಮುಖವಾಡದಲ್ಲಿ ಅವಳಿಗೆ ಏನೂ ಕಾಣ್ತಿಲ್ಲ, ಮೊಣಕಾಲ ಮೇಲೆ ತಡಕಾಡ್ತಿದಾಳೆ. ನಿಮ್ಮ ಇಡೀ ಡಿಪೋ "ಓಡೋ! ಓಡೋ!" ಅಂತ ಕೂಗ್ತಿದೆ. ನೀನು ಓಡಿದ್ರೆ ಸಾಕಿತ್ತು. ಅಣ್ಣಾ, ನೀನು ಸುಮ್ಮನೆ ಓಡಿದ್ರೆ ಸಾಕಿತ್ತು!

ನೀನು ಬ್ಯಾಟ್ ಬಿಸಾಕಿ ಬಗ್ಗಿ ನಿಂತು, "ಎಡಗಡೆ! ಎಡಗಾಲ ಹಿಂದೆ ನೋಡು! ಅಲ್ಲಲ್ಲ, ಎಡಗಡೆ ಅಂದ್ನಲ್ಲ!" ಅಂತ ಅವಳಿಗೆ ಹೇಳಿಕೊಡ್ತಾ ಇದ್ದೆ. ಅವಳು ತಿರುಗಿದ್ಲು, ಎತ್ತಿದ್ಲು, "ಥ್ಯಾಂಕ್ಸ್ ಅಪ್ಪ" ಅಂತ ನಿನ್ನ ಹೊಟ್ಟೆಗೇ ಚೆಂಡು ಮುಟ್ಟಿಸಿ ಔಟ್ ಮಾಡಿದ್ಲು. ಪಾಪ, ಆ ಮೂರನೇ ಬೇಸಿನವನು ಓಡಿ ಹೊರಟ ಜಾಗಕ್ಕೇ ವಾಪಸ್ ಬಂದು ಎರಡು ಕೈ ಮೇಲೆತ್ತಿ ಒಬ್ಬನೇ ಕುಣೀತಿದ್ದ, ನೀನು ಔಟಾದ ಮೇಲೆ ಆ ರನ್ ಲೆಕ್ಕಕ್ಕಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ಹೇಳು, ಮಂಡಿ ಯಾಕೆ ತಟ್ಟಿದೆ? ನನಗೆ ಮೋಸ ಮಾಡೋಕಾ? ಇಡೀ ಕಾರ್ಖಾನೆ ಹಾಗೇ ಅಂತಿದೆ. ಹೌದಾದ್ರೂ ಪರವಾಗಿಲ್ಲ, ನಿಜ ಹೇಳು.

ಅಣ್ಣಾ, ನಾನು ತಲೆ ಅಲ್ಲಾಡಿಸಿದ್ದು ಆ ಚೆಂಡಿಗೆ ಮಾತ್ರ ಅಲ್ಲ. ನಾನು ಸ್ಟೋರ್ಸ್‌ಗೆ ಬರಲ್ಲ. ನನಗೆ ಈ ಗಾಜು ತಿಕ್ಕೋ ಕೆಲಸ ಇಷ್ಟ, ಈ ತಂಡ ಇಷ್ಟ, ನಾನೇ ಯೋಚಿಸಿ ಎಸೆಯೋದು ಎಷ್ಟು ಖುಷಿ ಅಂತ ಈ ವರ್ಷ ಗೊತ್ತಾಯ್ತು. ನೀನು ಒಬ್ಬನೇ ಊಟ ಮಾಡ್ತೀಯ ಅಂತ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಆದ್ರೂ ಬರಲ್ಲ. ಬೈಯ್ಯಬೇಕಾದ್ರೆ ಬೈದು ಬರಿ, ಬರೆಯೋದು ಮಾತ್ರ ನಿಲ್ಲಿಸಬೇಡ.

ತಂಗಿ


ಜೂನ್ 5

ಸೋಡಾಬುಡ್ಡಿ,

ಬೈಯ್ಯೋಕೆ ಎರಡು ಕಾಗದ ಹಾಳು ಮಾಡಿದೆ. ಎರಡರಲ್ಲೂ ಅರ್ಧಕ್ಕೆ ನಗು ಬಂತು. ಇದು ಮೂರನೇದು.

ಮೋಸ ಅಲ್ಲ ಕಣೇ. ಅಮ್ಮನ ಮೇಲಾಣೆ. ನೀನು ತಲೆ ಅಲ್ಲಾಡಿಸೋ ತನಕ ನಾನು ತಟ್ಟಿದ್ದು ನನಗೇ ಗೊತ್ತಿರಲಿಲ್ಲ. ನೀನು ಅಲ್ಲಿ ಚೆಂಡು ಹಿಡಿದು ನಿಂತಿದ್ದೆ, ಎರಡು ಸ್ಟ್ರೈಕ್ ಆಗಿತ್ತು, ಈ ಬ್ಯಾಟರ್ ನನ್ಮಗನಿಗೆ ಆತುರ ಜಾಸ್ತಿ, ಕಾಲು ಒಂದು ಕಡೆ ನಿಲ್ತಿಲ್ಲ, ಇವನಿಗೆ ನಿಧಾನದ್ದೇ ಸರಿ ಅನ್ನಿಸ್ತು. ಆ ಬ್ಯಾಟರ್ ನಾನೇ ಅನ್ನೋದು ಮರೆತೇಹೋಗಿತ್ತು! ಆಮೇಲೆ ಚೆಂಡು ಬಿತ್ತು. ಬಿದ್ದ ಚೆಂಡು ಕಂಡ್ರೆ ನನಗೆ ಓಡೋಕೆ ಬರಲ್ಲ ಕಣೇ, ಹುಡುಕೋಕೆ ಮಾತ್ರ ಬರುತ್ತೆ.

ಬಸ್ಸಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಡ್ರೈವರ್ ಮಾತ್ರ ಕನ್ನಡೀಲಿ ನನ್ನನ್ನ ನೋಡ್ತಾ ನೋಡ್ತಾ ಬಂದ. ದಾರೀಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಮುಖವಾಡ ತಂದು ನನ್ನ ಮಡಿಲಿಗೆ ಹಾಕಿದ. "ನೀನೇ ಇಟ್ಕೋ. ನನಗೆ ಚೆಂಡು ಬಿದ್ರೆ ಬೈಗುಳ ಬರುತ್ತೆ, ಎಡಗಡೆ ಬಲಗಡೆ ಎಲ್ಲ ಬರಲ್ಲ" ಅಂದ. ಮ್ಯಾನೇಜರ್ ಇನ್ನೂ ನನ್ನ ಜೊತೆ ಮಾತು ಬಿಟ್ಟಿದಾರೆ, ಆದ್ರೆ ಭಾನುವಾರದ ಪ್ರಾಕ್ಟೀಸಿಗೆ ನಾನು ಕ್ಯಾಚರ್ ಜಾಗದಲ್ಲಿ ಕೂತಾಗ ಎಬ್ಬಿಸಲಿಲ್ಲ. ನಮ್ಮಲ್ಲಿ ಚೆಂಡು ಎಸೆಯೋ ಪಿಚರ್ ಒಬ್ಬ ಕಂಡಕ್ಟರ್, ನಾನು ಹೇಳಿದ್ದಕ್ಕೆಲ್ಲ ಬೇಡ ಅಂತ ತಲೆ ಅಲ್ಲಾಡಿಸ್ತಾನೆ. ನಿನ್ನಿಂದ ಕಲಿತದ್ದಂತೆ. ಬಾಯಿ ಮುಚ್ಕೊಂಡು ಹಿಡೀತಿದೀನಿ.

ಆ ಗೋಡೆ ಪಕ್ಕ ನಿಂತಿದ್ದ ವಿಷಯ ನಿನಗೆ ಬರೀಬೇಕಿತ್ತು. ನೀನು ಬಂದ್ರೆ ನಾನೂ ಮತ್ತೆ ಕ್ಯಾಚರ್ ಜಾಗದಲ್ಲಿ ಕೂರಬಹುದು ಅಂತ ಮ್ಯಾನೇಜರ್ ಹೇಳಿದ್ರು. ನಿನಗೆ ಸ್ಟೋರ್ಸ್ ಅಂತ ಬರೆದಾಗೆಲ್ಲ ನಾನು ನೋಡ್ತಿದ್ದಿದ್ದು ನನ್ನ ಗ್ಲೌಸ್‌ನ. ಅದನ್ನ ನಿನಗಿರಲಿ, ನನಗೇ ಹೇಳ್ಕೊಂಡಿರಲಿಲ್ಲ. "ಬರಲ್ಲ ಸಾರ್" ಅಂತ ನಿನ್ನೆ ಹೇಳಿ ಬಂದೆ. ಬೇಜಾರಾಯ್ತು, ಇಲ್ಲ ಅನ್ನಲ್ಲ. ಆದ್ರೆ ಅಷ್ಟು ಜನರ ಮುಂದೆ ನೀನು ಎರಡನೇ ಸಲ ಜೋರಾಗಿ ತಲೆ ಅಲ್ಲಾಡಿಸಿದೆಯಲ್ಲ, ಆಗ ಹೊಟ್ಟೆ ತುಂಬಿದ ಹಾಗಾಯ್ತು ಕಣೇ. ಯಾಕೆ ಅಂತ ನನಗೂ ಗೊತ್ತಿಲ್ಲ.

ಕಿಟಕಿ ಪಕ್ಕದ ಮಂಚದ ಮೇಲೆ ಸದ್ಯಕ್ಕೆ ನಾನೇ ಮಲಗ್ತಿದೀನಿ, ಗಾಳಿ ಚೆನ್ನಾಗಿ ಬರುತ್ತೆ. ಮಳೆಗಾಲದ ರಜೆಗೆ ಅಮ್ಮನನ್ನ ಕರಕೊಂಡು ಬಾ. ಇರೋಕಲ್ಲ, ನಾಲ್ಕು ದಿನ ಇದ್ದು ಹೋಗೋಕೆ. ಪ್ಯಾಕಿಂಗಿನಕ್ಕನಿಗೆ ಹೇಳು, ಬಿದ್ದ ಚೆಂಡು ಹುಡುಕೋವಾಗ ಮೊದಲು ಮುಖವಾಡ ಕಿತ್ತು ಬಿಸಾಕಬೇಕು. ಪ್ರತಿ ಸಲವೂ ನಾನು ಪಕ್ಕದಲ್ಲಿ ಇರಲ್ಲ.

ಇನ್ನೊಂದು. ಬಸ್ಸಲ್ಲಿ ಇಡೀ ದಾರಿ ಯೋಚಿಸಿದೆ. ನನ್ನ ಪಟ್ಟಿ ಹಾಕಿದ್ರೆ ಕನ್ನಡಕ ಜಾರೋಕೆ ಸಾಧ್ಯವೇ ಇಲ್ಲ. ಆದ್ರೂ ನೀನು ಎಸೆಯೋಕೆ ಮುಂಚೆ ಪ್ರತಿ ಸಲ ಮುಟ್ತಿದ್ದೆ. ಒಂದ್ಸಲ ಎಡಗಡೆ, ಒಂದ್ಸಲ ಬಲಗಡೆ, ಕೊನೇ ಚೆಂಡಿಗೆ ನಡುವೆ, ಮೂಗಿನ ಮೇಲೆ. ಏ ಕಳ್ಳಿ! ಸನ್ನೆ ಮಾಡ್ತಿದ್ದೋಳು ನೀನು! ಕ್ಯಾಚರ್‌ಗೆ ಪಿಚರ್ ಸನ್ನೆ ಮಾಡೋದನ್ನ ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದಕ್ಕೆ ನಾನು ಪಾಪ ಅಂತ ಫ್ಯಾನ್ ಬೆಲ್ಟ್ ಸೀಳಿ ಕಳಿಸಿದ್ದೆ!

ಅದು ಹೋಗಲಿ. ಆ ಮುಳುಗೋ ಚೆಂಡನ್ನ ಹೇಗೆ ಹಿಡೀತೀಯ? ಬೆರಳು ಎಲ್ಲಿ ಇಡ್ತೀಯ, ಮಣಿಕಟ್ಟು ಯಾವಾಗ ತಿರುಗಿಸ್ತೀಯ? ಚಿತ್ರ ಬರೆದು ಕಳಿಸು. ನಿನ್ನ ಸ್ವಂತ ಅಣ್ಣ ತಾನೇ ಕೇಳ್ತಿರೋದು. ಈ ಕಾಗದ ಓದೋವಾಗ ನಾನು ಎರಡು ಸಲ ಮಂಡಿ ತಟ್ಟಿದೀನಿ ಅಂದ್ಕೋ.

ಅಣ್ಣ


ಜೂನ್ 12

ಅಣ್ಣಾ,

ಊಹೂಂ. ಹೇಳಲ್ಲ.

ಮುಂದಿನ ವರ್ಷ ಬ್ಯಾಟ್ ತಗೊಂಡು ಬಾ, ಇನ್ನೊಂದು ಸಲ ಎಸೆದು ತೋರಿಸ್ತೀನಿ. ಈ ಸಲ ಓಡು.

ನಿನ್ನ ಸೋಡಾಬುಡ್ಡಿ